ಉಮ್ಮನಿಂದ ಬಂದದ್ದು

ಉದುಮ
11 ಜೂನ್ 2008

ಶಂಕರಿ ಟೀಚರಿಗೆ,

ನಾನು ನುಸೈಬಾ. ಪುತ್ತಿಗೆಯ ಕುಂಞಾಮಿನರ ದೊಡ್ಡ ಮಗಳು, 2001ರ ಹತ್ತನೇ ತರಗತಿ, ಕಿಟಕಿಯ ಪಕ್ಕದ ಬೆಂಚು. ನೀವು ನನ್ನನ್ನು ಮರೆಯಬೇಕೆಂದು ಪ್ರಯತ್ನ ಮಾಡಿದ್ದರೂ ಬೇಸರವಿಲ್ಲ. ಪ್ಲಸ್ ಟು ಮುಗಿದಾಗ ನನ್ನ ಕಾಲೇಜಿನ ಅರ್ಜಿಯನ್ನು ನೀವೇ ತುಂಬಿಸಿದ್ದಿರಿ. ಸಂದರ್ಶನದ ದಿನ ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕಾದಿರಿ. ನಾನು ಬರಲಿಲ್ಲ. ನಿಮಗೆ ಬಂದದ್ದು ನನ್ನ ಮದುವೆಯ ಕಾಗದ. ಐದು ವರ್ಷ ಆಯಿತು.

ಫೋನ್ ಮಾಡೋಣ ಎಂದುಕೊಂಡಿದ್ದೆ. ಈಗ ನಿಮಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಫೋನ್ ಎತ್ತುವುದಿಲ್ಲ ಎಂದು ನಮ್ಮ ಶಾಲೆಯ ಸತ್ಯವತಿ ಟೀಚರ್ ಹೇಳಿ ವಿಳಾಸ ಕೊಟ್ಟರು. ಕಾಗದವೇ ಒಳ್ಳೆಯದು. ಗಂಡನ ಈ ಮನೆಯಲ್ಲಿ ಎಲ್ಲರೂ ಮಲಯಾಳಂ ಓದಿದವರು. ಕನ್ನಡ ಬರುವವಳು ನಾನೊಬ್ಬಳೇ.

ನನಗೊಬ್ಬಳು ಮಗಳು, ಶಿಬಿಲಾ. ಎರಡೂವರೆ ವರ್ಷ. ಅವಳ ಉಪ್ಪ, ನನ್ನ ಗಂಡ ನಿಯಾಸ್, ಶಾರ್ಜಾದಲ್ಲಿದ್ದಾರೆ. ಕಳೆದ ಓಣಂವರೆಗೂ ಅವಳು ಅಂಗಳದಲ್ಲಿ ಕೋಳಿಮರಿಗಳ ಹಿಂದೆ ಓಡುತ್ತಿದ್ದಳು. ಆಮೇಲೆ ಐದು ದಿನ ಜ್ವರ. ಜ್ವರ ಬಿಟ್ಟಿತು, ನಡಿಗೆ ಹಿಂದೆ ಬರಲಿಲ್ಲ. ಈಗ ಕುತ್ತಿಗೆಯೂ ನಿಲ್ಲುವುದಿಲ್ಲ. ನನ್ನ ಒಂದು ಕೈ ಯಾವಾಗಲೂ ಅವಳ ತಲೆಯ ಹಿಂದೆ ಇರುತ್ತದೆ.

ಕೋಝಿಕ್ಕೋಡಿನ ಆಸ್ಪತ್ರೆಯಲ್ಲಿ ಅವಳ ತೊಡೆಯಿಂದ ಒಂದು ಸಣ್ಣ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರ್ ಇಂಗ್ಲಿಷಿನಲ್ಲಿ ಬೇಗಬೇಗ ಹೇಳಿದರು. ನನಗೆ ಹಿಡಿತಕ್ಕೆ ಸಿಕ್ಕಿದ್ದು ಒಂದೇ ಶಬ್ದ, ಮೈಟೋಕಾಂಡ್ರಿಯ. ಆ ಶಬ್ದ ನೀವು ಕಲಿಸಿದ್ದು. ಹೊರಗೆ ಬಂದ ಮೇಲೆ ನನ್ನ ಅತ್ತೆ, ನಿಯಾಸರ ಉಮ್ಮ, "ಡಾಕ್ಟರ್ ಎಂತ ಹೇಳಿದರು?" ಎಂದು ಕೇಳಿದರು. "ಟಾನಿಕ್ ಕೊಟ್ಟಿದ್ದಾರೆ" ಎಂದೆ.

ನನ್ನ ಮಗಳಿಗೆ ಎಂತ ಆಗಿದೆ ಟೀಚರ್? ಕನ್ನಡದಲ್ಲಿ ಹೇಳಿ.

ನಿಮ್ಮ ವಿದ್ಯಾರ್ಥಿನಿ,
ನುಸೈಬಾ


ಮಧೂರು
19 ಜೂನ್ 2008

ನುಸೈಬಾ,

ಲಕೋಟೆಯ ಮೇಲಿನ ಅಕ್ಷರದಲ್ಲೇ ಗುರುತು ಸಿಕ್ಕಿತು. ಈಗಲೂ 'ಷ'ದ ಹೊಟ್ಟೆ ಸೀಳದೆ ಬರೆಯುತ್ತೀಯ.

ಹಳೆಯ ಮಾತು ಈಗ ಬೇಡ. ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ನಿಧಾನವಾಗಿ ಓದು.

ಮಗುವಿಗೆ ನೀನು ಕೊಡುವ ಗಂಜಿಯಲ್ಲಿ ಬಿಸಿಲು ಉಂಟು. ಗದ್ದೆಯಲ್ಲಿ ಭತ್ತದ ಎಲೆ ಬಿಸಿಲನ್ನು ಹಿಡಿದುಕೊಳ್ಳುತ್ತದೆ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್, ಬೇರಿನಿಂದ ನೀರು ತೆಗೆದುಕೊಂಡು, ಆ ಬಿಸಿಲಿನ ಶಕ್ತಿಯಿಂದ ಸಕ್ಕರೆ ಮಾಡುತ್ತದೆ. ಅದೇ ಅಕ್ಕಿಯೊಳಗೆ ಪಿಷ್ಟವಾಗಿ ಕೂರುತ್ತದೆ. ಇದು ದ್ಯುತಿಸಂಶ್ಲೇಷಣೆ, ಶಕ್ತಿಯನ್ನು ಕಟ್ಟಿಡುವ ಕೆಲಸ. ಅದನ್ನು ಬಿಚ್ಚುವ ಕೆಲಸ ನಮ್ಮ ಜೀವಕೋಶಗಳದ್ದು. ಗಂಜಿಯ ಸಕ್ಕರೆ ರಕ್ತದಲ್ಲಿ ಅಲ್ಲಿಗೆ ತಲಪುತ್ತದೆ, ಮೂಗಿನಿಂದ ಒಳಗೆ ಹೋದ ಆಮ್ಲಜನಕವೂ ತಲಪುತ್ತದೆ. ಅಲ್ಲಿ ಮೈಟೋಕಾಂಡ್ರಿಯ ಎಂಬ ಸಣ್ಣ ಸಣ್ಣ ಒಲೆಗಳು ಸಕ್ಕರೆಯನ್ನು ಮೆಲ್ಲಗೆ ಉರಿಸಿ ಶಕ್ತಿಯನ್ನು ಹೊರಗೆ ತೆಗೆಯುತ್ತವೆ. ಮೂಗಿನದ್ದು ಶ್ವಾಸ, ಜೀವಕೋಶದ್ದು ಉಸಿರಾಟ ಎಂದು ನಿಮಗೆಲ್ಲ ಹತ್ತು ಸಲ ಬರೆಸಿದ್ದೆ. ರೆಪ್ಪೆ ಮುಚ್ಚುವುದಕ್ಕೂ ಕುತ್ತಿಗೆ ನೆಟ್ಟಗೆ ನಿಲ್ಲುವುದಕ್ಕೂ ಆ ಶಕ್ತಿ ಬೇಕು.

ಶಿಬಿಲಾಳಿಗೆ ಗಂಜಿಯೂ ತಲಪುತ್ತದೆ, ಗಾಳಿಯೂ ತಲಪುತ್ತದೆ. ಒಲೆ ಸರಿಯಾಗಿ ಉರಿಯುವುದಿಲ್ಲ. ಮಿದುಳು, ಸ್ನಾಯು ಇವಕ್ಕೆ ಶಕ್ತಿ ಹೆಚ್ಚು ಬೇಕು, ಆದ್ದರಿಂದ ಮೊದಲು ಸೋಲುವುದು ಅವೇ. ಜ್ವರ ಬಂದಾಗ ಶರೀರ ಇನ್ನೂ ಹೆಚ್ಚು ಕೇಳುತ್ತದೆ. ಕೊಡಲು ಇರುವುದಿಲ್ಲ.

ಹೀಗೆ ನೇರವಾಗಿ ಬರೆದದ್ದಕ್ಕೆ ಕ್ಷಮಿಸು. ವರದಿಯಲ್ಲಿ ಇರುವುದನ್ನೆಲ್ಲ, ಅರ್ಥವಾಗದಿದ್ದರೂ, ಒಂದು ಅಕ್ಷರ ಬಿಡದೆ ನಕಲು ಮಾಡಿ ಕಳಿಸು.

ಶಂಕರಿ ಟೀಚರ್


ಉದುಮ
6 ಆಗಸ್ಟ್ 2008

ಪ್ರೀತಿಯ ಟೀಚರಿಗೆ,

ವರದಿಯನ್ನು ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ತಡವಾಯಿತು. ಶಿಬಿಲಾ ಮಲಗಿದಾಗ ಮಾತ್ರ ನನ್ನ ಎರಡೂ ಕೈ ಬಿಡುವು.

ಎರಡು ಗಂಟೆಗೊಮ್ಮೆ ಚಮಚದಲ್ಲಿ ಕೊಡುತ್ತೇನೆ. ನಾಲ್ಕನೇ ಚಮಚಕ್ಕೆ ಅವಳಿಗೆ ಆಯಾಸವಾಗಿ, ಬಾಯಲ್ಲಿ ಗಂಜಿ ಇಟ್ಟುಕೊಂಡೇ ನಿದ್ದೆ ಹೋಗುತ್ತಾಳೆ. ಬೆರಳು ಹಾಕಿ ತೆಗೆಯಬೇಕು. ಊಟ ಮಾಡಿದರೆ ಶಕ್ತಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಊಟ ಮಾಡುವುದಕ್ಕೇ ಅವಳ ಶಕ್ತಿ ಮುಗಿಯುತ್ತದೆ.

ನಿಯಾಸರ ಉಮ್ಮ ಕೆಟ್ಟವರಲ್ಲ. ದಿನಾ ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಅವಳನ್ನು ಅಂಗಳದ ಬಿಸಿಲಿನಲ್ಲಿ ಮಡಿಲಿಗೆ ಹಾಕಿಕೊಂಡು ಕೂರುತ್ತಾರೆ. ನಿಮ್ಮ ಕಾಗದ ಓದಿದ ಮೇಲೆ ನನಗೊಂದು ಹುಚ್ಚು ಯೋಚನೆ ಬಂತು. ಎಲೆಗೆ ಬಿಸಿಲೇ ಊಟ. ಇವಳಿಗೂ ಹಾಗೇ ಬಿಸಿಲಿನಿಂದ ನೇರ ಸಿಗುವ ಹಾಗಿದ್ದರೆ ಈ ಚಮಚ ಬೇಡವಿತ್ತು. ಆಗುವುದಿಲ್ಲ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ಶುಕ್ರವಾರ ನಿಯಾಸ್ ಫೋನ್ ಮಾಡುತ್ತಾರೆ. ಫೋನನ್ನು ಅವಳ ಕಿವಿಗೆ ಹಿಡಿಯುತ್ತೇನೆ. ಉಪ್ಪನ ಸ್ವರ ಕೇಳಿದರೆ ಕಣ್ಣು ಆ ಕಡೆ ಹೋಗುತ್ತದೆ. "ನಕ್ಕಳಾ?" ಎಂದು ಅವರು ಕೇಳುತ್ತಾರೆ. ನಕ್ಕಳು ಎನ್ನುತ್ತೇನೆ.

ವರದಿಯ ಕೊನೆಯ ಸಾಲಿನಲ್ಲಿ ತಾಯಿಯ ವಿಷಯ ಏನೋ ಉಂಟು. ನನ್ನ ರಕ್ತವನ್ನೂ ತೆಗೆದುಕೊಂಡು ಹೈದರಾಬಾದಿಗೆ ಕಳಿಸಿದ್ದಾರೆ. ಯಾಕೆ?

ನಿಮ್ಮ,
ನುಸೈಬಾ


ಮಧೂರು
14 ಆಗಸ್ಟ್ 2008

ನುಸೈಬಾ,

ವರದಿ ಓದಿದೆ. ಅವರು ಬರೆದುಕೊಟ್ಟ ವಿಟಮಿನ್‌ಗಳನ್ನು ಬಿಡಬೇಡ, ಕೆಲವು ಮಕ್ಕಳಿಗೆ ಸ್ವಲ್ಪ ಗುಣ ಕಾಣುತ್ತದೆ. ಚಮಚ ನಾಲ್ಕಕ್ಕೇ ನಿಲ್ಲಿಸು, ಆದರೆ ಗಂಟೆಗೊಮ್ಮೆ ಕೊಡು. ನೆಗಡಿಯಾದವರನ್ನು ಹತ್ತಿರ ಬಿಡಬೇಡ.

ನಿನ್ನ ಯೋಚನೆ ಹುಚ್ಚಲ್ಲ. ನನ್ನ ಇಪ್ಪತ್ತೊಂಬತ್ತು ವರ್ಷದ ಕೆಲಸದಲ್ಲಿ ಆ ಪ್ರಶ್ನೆಯನ್ನು ಯಾವ ಮಗುವೂ ಕೇಳಿರಲಿಲ್ಲ. ಉತ್ತರ ನಿನಗೆ ಗೊತ್ತಿರುವುದೇ. ಎಲೆಯಲ್ಲಿರುವ ಹಸಿರು ನಮ್ಮಲ್ಲಿಲ್ಲ. ಅಜ್ಜಿಯ ಮಡಿಲು, ಬೆಳಗಿನ ಬಿಸಿಲು ಎರಡೂ ಮಗುವಿಗೆ ಹಿತ. ಅದನ್ನು ತಪ್ಪಿಸಬೇಡ.

ಕೊನೆಯ ಸಾಲು ದೊಡ್ಡ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಬರೆಯುವಂಥದ್ದು. ಅದನ್ನು ತಲೆಗೆ ಹಚ್ಚಿಕೊಳ್ಳಬೇಡ.

ನೀನು ಊಟ ಮಾಡುತ್ತೀಯ ತಾನೇ?

ಶಂಕರಿ ಟೀಚರ್


ಉದುಮ
2 ಅಕ್ಟೋಬರ್ 2008

ಟೀಚರ್,

ಮೊನ್ನೆ ಪುನಃ ಕೋಝಿಕ್ಕೋಡಿಗೆ ಹೋಗಿದ್ದೆವು. ಈ ಸಲ ಬೇರೆ ಡಾಕ್ಟರ್, ಮಲಯಾಳಂನಲ್ಲಿ ಬಿಡಿಸಿ ಹೇಳಿದರು. ಇದು ತಾಯಿಯಿಂದ ಬರುವುದಂತೆ. ತಂದೆಯಿಂದ ಬರುವುದಿಲ್ಲವಂತೆ. ನನ್ನ ರಕ್ತದಲ್ಲೂ ಅದೇ ದೋಷ ಸ್ವಲ್ಪ ಉಂಟು. ನನ್ನಲ್ಲಿ ಸುಮ್ಮನೆ ಕೂತಿರುವುದು ಅವಳಲ್ಲಿ ತುಂಬಿಹೋಗಿದೆ. ಡಾಕ್ಟರ್ ಗೋಣಿಯ ಅಕ್ಕಿಯ ಉದಾಹರಣೆ ಕೊಟ್ಟರು: ಒಂದು ಹಿಡಿಯಲ್ಲಿ ಎರಡು ಕಲ್ಲು ಬರಬಹುದು, ಇನ್ನೊಂದು ಹಿಡಿಯಲ್ಲಿ ಕಲ್ಲೇ ಬರಬಹುದು. "ನಿನಗೆ ತಂಗಿ ಇದ್ದರೆ ಅವಳಿಗೂ ಒಮ್ಮೆ ನೋಡಿಸಬೇಕು" ಎಂದರು.

ನಿಯಾಸರ ಉಮ್ಮ ಪಕ್ಕದಲ್ಲೇ ಕೂತಿದ್ದರು. ಮರುದಿನ ಬೆಳಿಗ್ಗೆ ಎಣ್ಣೆ ಹಚ್ಚಲು ಬರಲಿಲ್ಲ. ನಾನೇ ಹಚ್ಚಿದೆ.

ಹತ್ತನೇ ತರಗತಿಯಲ್ಲಿ ನೀವು ಹೇಳಿದ್ದಿರಿ, ಈ ಒಲೆಗಳು ನಮಗೆ ಅಮ್ಮನಿಂದ ಮಾತ್ರ ಬರುತ್ತವೆ, ಅಮ್ಮನಿಗೆ ಅವಳ ಅಮ್ಮನಿಂದ, ಹಾಗೇ ಹಿಂದೆ ಹಿಂದೆ. ನಾವು ಹುಡುಗಿಯರು ಹುಡುಗರ ಬೆಂಚಿನ ಕಡೆ ತಿರುಗಿ ನೋಡಿ ನಕ್ಕಿದ್ದೆವು. ನನಗೆ ಎಷ್ಟು ಹೆಮ್ಮೆಯಾಗಿತ್ತು. ಆ ಪಾಠ ನಾನು ಮರೆತಿದ್ದೆ. ನೀವು ಮರೆತಿರಲಿಲ್ಲ. ಜೂನಿನಲ್ಲಿ ಬರೆಯುವಾಗಲೂ ನಿಮಗೆ ಗೊತ್ತಿತ್ತು, ಆಗಸ್ಟಿನಲ್ಲೂ ಗೊತ್ತಿತ್ತು.

ನಾನು ನಿಮಗೆ ಬರೆದದ್ದು ಸುಳ್ಳು ಹೇಳದವರು ಒಬ್ಬರಾದರೂ ಇರಲಿ ಎಂದು.

ನುಸೈಬಾ


ಮಧೂರು
9 ಅಕ್ಟೋಬರ್ 2008

ನುಸೈಬಾ,

ಹೌದು, ಗೊತ್ತಿತ್ತು. ಹೇಳುವ ಧೈರ್ಯವಾಗಲಿಲ್ಲ. ನೀನು ಮಗುವಿನ ತಲೆಯ ಹಿಂದೆ ಕೈ ಇಟ್ಟುಕೊಂಡು ಕೂತಿರುವುದನ್ನು ನೆನೆದುಕೊಂಡು, ಇದನ್ನೂ ಇವಳ ಮೇಲೆ ಹೇರುವುದು ಬೇಡ ಎಂದುಕೊಂಡೆ. ಅದು ಕರುಣೆ ಎಂದು ನನಗೇ ಸಮಾಧಾನ ಹೇಳಿಕೊಂಡೆ.

ಇನ್ನೊಂದು ಸುಳ್ಳನ್ನೂ ಹೇಳಿಬಿಡುತ್ತೇನೆ. ನಿನ್ನ ಮದುವೆಗೆ ಕಾಲುನೋವೆಂದು ಹೇಳಿಕಳಿಸಿದ್ದೆನಲ್ಲ, ಕಾಲುನೋವು ಇರಲಿಲ್ಲ. ಆ ದಿನ ಮನೆಯಲ್ಲಿ ಕೂತು ನಿನ್ನ ಪ್ಲಸ್ ಟು ರೆಕಾರ್ಡ್ ಪುಸ್ತಕದ ಚಿತ್ರಗಳನ್ನು ನೋಡುತ್ತಿದ್ದೆ. ಹದಿನೆಂಟು ವರ್ಷದ ಹುಡುಗಿ ಮನೆಯವರ ಮಾತನ್ನು ಮೀರಿ ಬಸ್‌ಸ್ಟ್ಯಾಂಡಿಗೆ ಬರಬೇಕಿತ್ತೆಂದು ನಾನು ಐದು ವರ್ಷ ಸಿಟ್ಟು ಹಿಡಿದು ಕೂತೆ. ಬಂದು ಕರೆದುಕೊಂಡು ಹೋಗಲು ನನಗೆ ಆಗುತ್ತಿರಲಿಲ್ಲವೇ? ನಿಮ್ಮ ಮನೆಗೆ ಅರ್ಧ ಗಂಟೆಯ ಬಸ್ಸಿನ ದಾರಿ.

ದೋಷ ನಿನ್ನಿಂದ ಹೋಗಿದೆ, ನೀನು ಮಾಡಿದ್ದಲ್ಲ. ಇದೊಂದು ಮಾತನ್ನಾದರೂ ನಂಬು.

ಬರೆ. ಬೈದಾದರೂ ಬರೆ.

ಶಂಕರಿ


ಮಧೂರು
20 ಡಿಸೆಂಬರ್ 2008

ನುಸೈಬಾ,

ಎರಡು ತಿಂಗಳು ಕಳೆಯಿತು. ನಿನ್ನ ಸಿಟ್ಟು ನ್ಯಾಯದ್ದೇ. ಉತ್ತರ ಬರೆಯದಿದ್ದರೂ ಇದನ್ನು ಓದು.

ಈ ವರ್ಷ ಬೆಳಗಿನ ಚಳಿ ಜಾಸ್ತಿ. ಮಗುವಿನ ಕಾಲಿಗೂ ತಲೆಗೂ ಉಣ್ಣೆ ಹಾಕು. ಶೀತವಾದರೆ ಕಾಯಬೇಡ, ಅದೇ ದಿನ ಆಸ್ಪತ್ರೆಗೆ ಹೋಗು. ಹೊಟ್ಟೆ ಖಾಲಿ ಬಿಡಬೇಡ. ಶ್ವಾಸದಲ್ಲಿ ಏರುಪೇರು ಕಂಡರೆ ಮನೆಯಲ್ಲಿ ಇಟ್ಟುಕೊಳ್ಳಬೇಡ. ಇಷ್ಟನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸು.

ಮಂಗಳೂರಿನಿಂದ ಸೋದರಳಿಯ ತಂದುಕೊಟ್ಟ ಮೃದುವಾದ ರಬ್ಬರ್ ಚಮಚ ಇದರ ಜೊತೆ ಕಳಿಸಿದ್ದೇನೆ. ಸ್ಟೀಲಿನ ಚಮಚದಿಂದ ಒಸಡಿಗೆ ನೋವಾಗುತ್ತಿರಬಹುದು.

ಶಂಕರಿ ಟೀಚರ್


ಉದುಮ
29 ಡಿಸೆಂಬರ್ 2008

ಟೀಚರ್,

ನಿಮ್ಮ ಪೊಟ್ಟಣ 24ಕ್ಕೆ ಬಂತು. ಶಿಬಿಲಾ 17ಕ್ಕೆ ಹೋದಳು. ಮೂರು ವರ್ಷ ತುಂಬಲು ಇಪ್ಪತ್ತು ದಿನ ಇತ್ತು.

ಆಸ್ಪತ್ರೆಯಲ್ಲಿ ಮಧ್ಯಾಹ್ನ. ಶ್ವಾಸ ಬರುವುದು, ನಿಲ್ಲುವುದು, ಪುನಃ ಬರುವುದು. ಯಂತ್ರಕ್ಕೆ ಹಾಕುವುದಾ ಎಂದು ಕೇಳಿದರು. ನಿಯಾಸ್ ಇನ್ನೂ ವಿಮಾನದಲ್ಲಿದ್ದರು. ನಾನು ಬೇಡ ಎಂದೆ. ಮಡಿಲಲ್ಲಿ ಹಾಕಿಕೊಂಡಿದ್ದೆ.

ಕೊನೆಗೆ ಕುತ್ತಿಗೆಯ ಹಿಂದಿನಿಂದ ಕೈ ತೆಗೆಯಲು ನನಗೆ ಗೊತ್ತಾಗಲಿಲ್ಲ. ನರ್ಸ್ ಬಂದು ತೆಗೆಸಿದರು.

ನುಸೈಬಾ


ಪುತ್ತಿಗೆ
15 ಏಪ್ರಿಲ್ 2009

ಪ್ರೀತಿಯ ಟೀಚರಿಗೆ,

ಜನವರಿಯಲ್ಲಿ ನೀವು ಉದುಮಕ್ಕೆ ಬಂದು ನನ್ನ ಪಕ್ಕ ಸುಮ್ಮನೆ ಕೂತು ಹೋದದ್ದಕ್ಕೆ ನಾನು ಏನೂ ಹೇಳಲಿಲ್ಲ. ಹೇಳಿದ್ದರೂ ನಿಮಗೆ ಕೇಳುತ್ತಿರಲಿಲ್ಲ. ಅದರಿಂದಲೇ ನೀವು ಬಂದದ್ದು ನನಗೆ ಹಿತವಾಯಿತು.

ಈಗ ಉಮ್ಮನ ಮನೆಯಲ್ಲಿದ್ದೇನೆ. ನಿಯಾಸ್ ನಲವತ್ತು ದಿನ ಇದ್ದು ಶಾರ್ಜಾಕ್ಕೆ ಹಿಂದೆ ಹೋದರು. ಹೋಗುವ ಮೊದಲು ನಾನೇ ಅವರಿಗೆ ಎಲ್ಲ ಹೇಳಿದೆ. "ನೀನು ಬೇಕಂತ ಮಾಡಿದ್ದಲ್ಲವಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಂದು ಮಗು ಬೇಡವಾ?" ಎಂದು ಕೇಳಿದರು. ಅವರು ಎರಡನೇ ಸಲ ಕೇಳಲಿಲ್ಲ. ಈಗ ಶುಕ್ರವಾರದ ಫೋನಿನಲ್ಲಿ ಮಳೆ, ಊಟ, ಆರೋಗ್ಯ ಇಷ್ಟು ವಿಚಾರಿಸುತ್ತಾರೆ.

ನಾನು ಬರೆಯಲು ಕೂತದ್ದು ತಂಗಿಯ ವಿಷಯ. ಮಿಸ್ರಿಯಾಳಿಗೆ ಮದುವೆ ನಿಶ್ಚಯವಾಗಿದೆ. ಹುಡುಗ ಉಪ್ಪಳದ ಸಿನಾನ್, ದುಬಾಯಿಯಲ್ಲಿ ಕೆಲಸ. ಒಳ್ಳೆಯವನು. ಫೋನಿನಲ್ಲಿ ಮಾತಾಡುವಾಗ ಮಿಸ್ರಿಯಾಳ ಮುಖ ನೋಡಬೇಕು. ಜೂನಿನಲ್ಲಿ ನಿಕಾಹ್. ನಮ್ಮಿಬ್ಬರಿಗೂ ಒಬ್ಬಳೇ ಉಮ್ಮ, ಟೀಚರ್. ನನ್ನಲ್ಲಿ ಇರುವುದು ಅವಳಲ್ಲೂ ಇರಬಹುದು. ಎಷ್ಟು ಎಂದು ಯಾರಿಗೂ ಗೊತ್ತಿಲ್ಲ.

ಉಮ್ಮನ ಹತ್ತಿರ ಹೇಳಿದೆ, ಅವಳ ರಕ್ತ ಒಮ್ಮೆ ನೋಡಿಸೋಣ ಎಂದು. ಉಮ್ಮ ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಆ ಮಾತು ಈ ಮನೆಯಲ್ಲಿ ಎತ್ತಬೇಡ. ರಕ್ತ ತೆಗೆದದ್ದು ಒಬ್ಬರಿಗೆ ಗೊತ್ತಾದರೆ ಊರಿಗೇ ಗೊತ್ತಾಗುತ್ತದೆ. ಆಮೇಲೆ ಅವಳನ್ನು ಯಾರು ಕಟ್ಟಿಕೊಳ್ಳುತ್ತಾರೆ? ನಿನ್ನದು ಹಾಗಾಯಿತು, ಅವಳದ್ದಾದರೂ ಆಗಲಿ." ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದರು.

ಶಿಬಿಲಾ ಹುಟ್ಟುವ ಮೊದಲೇ ಯಾರಾದರೂ ನನಗೆ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ಅವಳು ಇಲ್ಲದೇ ಇರುತ್ತಿದ್ದಳು ಎಂದು ಯೋಚಿಸಲೂ ಆಗುವುದಿಲ್ಲ. ಅವಳು ಪಟ್ಟದ್ದನ್ನು ಯೋಚಿಸಲೂ ಆಗುವುದಿಲ್ಲ.

ನಾನು ಹೇಳಬೇಕಾ ಟೀಚರ್?

ನಿಮ್ಮ,
ನುಸೈಬಾ


ಮಧೂರು
20 ಏಪ್ರಿಲ್ 2009

ಪ್ರೀತಿಯ ನುಸೈಬಾ,

ಹೇಳು.

ಇಷ್ಟು ಬರೆದು ಎರಡು ದಿನ ಪೆನ್ನು ಕೆಳಗಿಟ್ಟಿದ್ದೆ. ನನಗೆ ಬರೆಯುವುದು ಸುಲಭ. ಅದರ ಬೆಲೆ ಕೊಡುವವರು ನೀನು, ಮಿಸ್ರಿಯಾ, ನಿಮ್ಮ ಉಮ್ಮ. ಮದುವೆ ಮುರಿಯಲೂಬಹುದು. ಪರೀಕ್ಷೆಯಲ್ಲಿ ಅವಳಿಗೆ ಏನೂ ಇಲ್ಲವೆಂದೂ ಬರಬಹುದು, ಆಗ ಸುಮ್ಮನೆ ಮುರಿದೆವು ಎಂದಾಗುತ್ತದೆ. ಇದನ್ನೆಲ್ಲ ಯೋಚಿಸಿಯೇ ಬರೆಯುತ್ತಿದ್ದೇನೆ. ಗೊತ್ತಿದ್ದವರು ಹೇಳದೆ ಇದ್ದಾಗ ನಿನಗೆ ಹೇಗಾಯಿತೆಂದು ಅಕ್ಟೋಬರಿನಲ್ಲಿ ನನಗೆ ಬರೆದವಳು ನೀನು. ಅವಳು ಅಂಥ ಕಾಗದವನ್ನು ನಿನಗೆ ಬರೆಯುವ ಹಾಗೆ ಆಗಬಾರದು.

ಏನು ಮಾಡಬೇಕೆಂದು ಅವಳಿಗೆ ಹೇಳಿಕೊಡಬೇಡ. ಇರುವುದನ್ನು ಹೇಳು, ಅಷ್ಟೇ. ಮದುವೆ, ಮಗು ಎರಡೂ ಅವಳು ತೀರ್ಮಾನಿಸಬೇಕಾದದ್ದು.

ನಾನು ಬರಬೇಕೆಂದಿದ್ದರೆ ಒಂದು ಕಾರ್ಡು ಹಾಕು. ಈ ಸಲ ಕಾಲುನೋವು ಇರುವುದಿಲ್ಲ.

ಶಂಕರಿ


ಪುತ್ತಿಗೆ
28 ಜೂನ್ 2009

ಪ್ರೀತಿಯ ಟೀಚರಿಗೆ,

ನಿಮ್ಮನ್ನು ಕರೆಯಲಿಲ್ಲ. ಒಬ್ಬಳೇ ಹೇಳಬೇಕು ಎಂದು ಅನಿಸಿತು.

ಮೇ ತಿಂಗಳಲ್ಲಿ, ಟೆರೇಸಿನ ಮೇಲೆ ಒಣಗಲು ಹಾಕಿದ ತೆಂಗಿನ ಕೊಪ್ಪರ ತಿರುಗಿಸಿ ಹಾಕುತ್ತಿದ್ದಾಗ ಹೇಳಿದೆ. ಮಿಸ್ರಿಯಾ ಕೈಯಲ್ಲಿದ್ದ ಕೊಪ್ಪರದ ಕಡಿಯನ್ನು ಹಿಡಿದುಕೊಂಡೇ ಪೂರ್ತಿ ಕೇಳಿದಳು.

"ಇದು ನಿನಗೆ ಯಾವಾಗ ಗೊತ್ತಾದದ್ದು?"

"ಅಕ್ಟೋಬರಿನಲ್ಲಿ."

"ನಾನು ಸಿನಾನ್ ಹತ್ತಿರ ಮಾತಾಡಲಿಕ್ಕೆ ಸುರು ಮಾಡಿದ್ದು ಫೆಬ್ರವರಿಯಲ್ಲಿ" ಎಂದಳು. ಉಳಿದ ಕೊಪ್ಪರವನ್ನೆಲ್ಲ ಒಂದೊಂದಾಗಿ ತಿರುಗಿಸಿ ಕೆಳಗಿಳಿದು ಹೋದಳು. ಆ ನಾಲ್ಕು ತಿಂಗಳು ಮಗಳನ್ನು ನೋಡಿಕೊಳ್ಳುತ್ತಿದ್ದೆ, ಆಮೇಲೆ ಅಳುತ್ತಿದ್ದೆ. ಅದು ಉತ್ತರವಲ್ಲ.

ಎರಡು ದಿನ ಬಿಟ್ಟು ಅವಳೇ ಸಿನಾನಿಗೆ ಫೋನ್ ಮಾಡಿದಳು. "ನನಗೆ ತೊಂದರೆ ಇಲ್ಲ, ಮನೆಯಲ್ಲಿ ಒಂದು ಮಾತು ಹೇಳುತ್ತೇನೆ" ಎಂದನಂತೆ. ಒಂದು ವಾರದಲ್ಲಿ ಅವನ ಮಾವ ಬಂದರು. ಚಾ ಕುಡಿಯಲಿಲ್ಲ. ನಾವು ಕೊಟ್ಟಿದ್ದ ಉಂಗುರವನ್ನು ಮೇಜಿನ ಮೇಲೆ ಇಟ್ಟು, "ಬೇಜಾರು ಮಾಡಬೇಡಿ" ಎಂದು ಹೇಳಿ ಹೋದರು. ಸಿನಾನ್ ಆಮೇಲೆ ಫೋನ್ ಎತ್ತಲಿಲ್ಲ.

ಮಿಸ್ರಿಯಾ ಮಂಗಳೂರಿಗೆ ಹೋಗಿ ರಕ್ತ ಕೊಟ್ಟು ಬಂದಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ. ನನ್ನ ಹತ್ತಿರ ಮಾತಾಡುತ್ತಾಳೆ, ಆದರೆ ಬೇಕಾದಷ್ಟು ಮಾತ್ರ. ಉಮ್ಮ ಅಷ್ಟೂ ಮಾತಾಡಲಿಲ್ಲ. ಉಂಗುರ ಹಿಂದೆ ಬಂದ ದಿನದಿಂದ ನನ್ನ ತಟ್ಟೆಯಲ್ಲಿ ಅನ್ನ ಹಾಕಿಟ್ಟು ಒಳಗೆ ಹೋಗುತ್ತಿದ್ದರು. ಒಂದು ತಿಂಗಳಾಯಿತು.

ನಿನ್ನೆ ಮಧ್ಯಾಹ್ನ ನಾನು ಹಿಂದಿನ ಜಗಲಿಯಲ್ಲಿ ಬಟ್ಟೆ ಮಡಚುತ್ತಿದ್ದೆ. ಹೊರಗೆ ಮಳೆ. ಉಮ್ಮ ಬಂದು ಹೊಸ್ತಿಲಲ್ಲಿ ಕೂತರು. ನನ್ನ ಕಡೆ ನೋಡದೆ, "ಅವನಿಗೂ ಕುತ್ತಿಗೆ ನಿಲ್ಲುತ್ತಿರಲಿಲ್ಲ" ಎಂದರು.

"ಯಾರಿಗೆ?"

"ಯೂಸುಫನಿಗೆ."

ನನಗಿಂತ ಮೊದಲು ಒಂದು ಗಂಡು ಮಗು ಇತ್ತೆಂದು ನನಗೆ ಗೊತ್ತಾದದ್ದು ಆಗಲೇ. ಒಂಬತ್ತು ತಿಂಗಳು ಬದುಕಿತ್ತಂತೆ. ಹಾಲು ಎಳೆಯಲು ಆಗುತ್ತಿರಲಿಲ್ಲ, ಎರಡು ಸಲ ಎಳೆದು ನಿದ್ದೆ ಹೋಗುತ್ತಿತ್ತು. ಆಗ ಉಮ್ಮನಿಗೆ ಹತ್ತೊಂಬತ್ತು ವರ್ಷ. ಮಗು ಹೋದ ಮೇಲೆ ಮನೆಯ ಹಿರಿಯ ಹೆಂಗಸರು ಸೇರಿ, ಇವಳ ಹಾಲು ಕೆಟ್ಟದ್ದು, ಹಾಲಿನಿಂದಲೇ ಮಗು ಸತ್ತದ್ದು ಎಂದರಂತೆ.

"ನಾನು ನಂಬಿದೆ" ಎಂದರು ಉಮ್ಮ. "ನೀನು ಹುಟ್ಟಿದಾಗ ಎದೆಗೆ ಬಟ್ಟೆ ಬಿಗಿದು ಕಟ್ಟಿದೆ. ಹಾಲು ಬತ್ತುವವರೆಗೆ ಜ್ವರ ಬಂದು ಮಲಗಿದ್ದೆ. ನಿನಗೆ ಆಡಿನ ಹಾಲು ಕುಡಿಸಿದೆ, ಮಿಸ್ರಿಯಾಗೂ. ನೀನು ಹಸಿವಿನಿಂದ ಇತ್ತ ತಿರುಗಿ ಬಾಯಿ ಹಾಕಿದರೆ ನಿನ್ನ ಮುಖವನ್ನು ಆಚೆ ತಿರುಗಿಸುತ್ತಿದ್ದೆ. ಅದು ಹಾಲಿನಿಂದ ಅಲ್ಲವಾ?"

ನಾನು ಬಟ್ಟೆ ಬಿಟ್ಟು ಹತ್ತಿರ ಹೋಗಿ ಕೂತೆ. ನೀವು ನನಗೆ ಬರೆದ ಹಾಗೆ ಹೇಳಿದೆ. ಹಾಲು ಹೊಟ್ಟೆಗೆ ತಲಪಿತ್ತು, ಉಸಿರು ಎದೆಗೆ ತಲಪಿತ್ತು, ಅವೆರಡರಿಂದ ಶಕ್ತಿ ತೆಗೆಯುವುದು ಅವನ ಶರೀರಕ್ಕೆ ಆಗಲಿಲ್ಲ. ಹಾಲಿನಲ್ಲಿ ಏನೂ ಕೆಟ್ಟದ್ದು ಇರಲಿಲ್ಲ.

"ಹಾಗಾದರೆ ಅದು ಎಲ್ಲಿಂದ ಬಂತು? ನನ್ನಿಂದಲಾ?"

ಇಲ್ಲ ಎನ್ನಬಹುದಿತ್ತು, ಟೀಚರ್. ಬಾಯಿಯವರೆಗೆ ಬಂದಿತ್ತು.

"ಹೌದು ಉಮ್ಮಾ. ನಿಮ್ಮಿಂದ ಯೂಸುಫನಿಗೆ, ನಿಮ್ಮಿಂದ ನನಗೆ, ನನ್ನಿಂದ ಶಿಬಿಲಾಳಿಗೆ. ನಾವು ಮಾಡಿದ್ದಲ್ಲ. ಹಾಲು ಒಳ್ಳೆಯದೇ ಇತ್ತು."

ಉಮ್ಮ ಕೈ ಚಾಚಿ, ಇಪ್ಪತ್ತನಾಲ್ಕು ವರ್ಷದ ನನ್ನ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ನಿನಗೆ ಕೊಡಬಹುದಿತ್ತು" ಎಂದರು. ಅಷ್ಟು ಹೇಳಿ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತರು.

ನಿಮ್ಮ,
ನುಸೈಬಾ